ಚೌತಿಯ ಸೀಸನ್ನಿನಲ್ಲಿ ಒಂದು ಬೇಸ್ ಗಿಟಾರು: ಐದು ಊರು, ಐದು ರಾತ್ರಿ

ಮೊದಲ ದಿನ: ಬೆಂಗಳೂರು – ಶಿವಮೊಗ್ಗ

ಚೌತಿ ಕಳೆದ ಮೂರನೆಯ ದಿನ, ಬೆಳಗಿನ 5 ಗಂಟೆಗೆ ನಮ್ಮ ಆರ್ಕೆಸ್ಟ್ರಾದ ಟೆಂಪೊ ಟ್ರಾವೆಲರ್ ಯಶವಂತಪುರದಲ್ಲಿ ಬಂದು ನಿಂತಿತು. ಶಿವಮೊಗ್ಗ, ಸಾಗರ, ಕುಮಟಾ, ಶಿರಸಿ, ಹುಬ್ಬಳ್ಳಿ, ಹೀಗೆ ಐದು ಊರುಗಳ ಗಣೇಶೋತ್ಸವ ಸಮಿತಿಗಳು ನಮ್ಮ ರಸಮಂಜರಿಗೆ ಮುಂಗಡ ಕೊಟ್ಟಿದ್ದವು. ಚಾಲಕರನ್ನೂ ಸೇರಿಸಿ ನಾವು 10 ಜನ. ತಂಡದ ಯಜಮಾನರೇ ಮುಖ್ಯ ಗಾಯಕರು; ಅವರನ್ನು ಬಿಟ್ಟರೆ ಒಬ್ಬ ಗಾಯಕಿ, ಇನ್ನೊಬ್ಬ ಗಾಯಕ, ಎಲ್ಲರೂ ‘ಮೇಷ್ಟ್ರು’ ಎಂದೇ ಕರೆಯುವ ಕೀಬೋರ್ಡ್ ವಾದಕರು, ನನಗಿಂತ 20 ವರ್ಷ ಹಿರಿಯರಾದ ಗಿಟಾರ್ ಅಣ್ಣ, ರಿದಂ ಪ್ಯಾಡಿನ ಹುಡುಗ, ತಬಲಾ–ಢೋಲಕ್‌ಗಳ ಚಿಕ್ಕಪ್ಪ, ನಿರೂಪಕಿ ಮತ್ತು ಹಾಡಿನ ತಳದ ಮಂದ್ರಸ್ವರಗಳನ್ನು ನುಡಿಸುವ ಬೇಸ್ ಗಿಟಾರಿನ ನಾನು.

ವ್ಯಾನಿಗೆ ಸಾಮಾನು ತುಂಬುವುದರಲ್ಲಿಯೂ ಒಂದು ಕ್ರಮವಿದೆ. ಪ್ಯಾಡು ಮತ್ತು ಎರಡು ಕೀಬೋರ್ಡುಗಳು ಗಟ್ಟಿ ಪೆಟ್ಟಿಗೆಯಲ್ಲಿ ಅಡಿಗೆ ಹೋಗುತ್ತವೆ, ಅವುಗಳ ಮೇಲೆ ಸ್ಟ್ಯಾಂಡುಗಳು, ವೈರಿನ ಸುರುಳಿಗಳು, ಗಾಯಕಿಯ ಸೀರೆಯ ಸೂಟ್‌ಕೇಸು. ನನ್ನ ಬೇಸ್ ಕೊನೆಯಲ್ಲಿ, ಹಿಂದಿನ ಸೀಟಿನ ಮೇಲೆ ಮಲಗುತ್ತದೆ. ಅದರ ತಂತಿಯ ಅಳತೆಯೇ 34 ಇಂಚು. ತಲೆಯಿಂದ ಬುಡದವರೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನಾಲ್ಕು ಅಡಿ. ಒಬ್ಬ ಮನುಷ್ಯನ ಸೀಟನ್ನು ಅದು ತಿನ್ನುತ್ತದೆ ಎಂಬುದು ಯಜಮಾನರ ಹಳೆಯ ದೂರು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಿದ್ದ ವಾದಕರ ಪಾಡನ್ನು ನೆನೆದರೆ ಇದು ಕೂಸು ಎಂದು ನಾನು ಪ್ರತಿ ಸಲವೂ ವಾದಿಸುತ್ತೇನೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದ ಮೇಲೆಯೇ ನಮ್ಮಂಥವರು ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವುದು ಸಾಧ್ಯವಾದದ್ದು. ಆತನಿಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂಬುದು ಗಿಟಾರ್ ಅಣ್ಣನಿಗೆ ಬಲು ಪ್ರಿಯವಾದ ಸಂಗತಿ.

ಅರಸೀಕೆರೆಯ ಬಳಿ ಕಾಫಿಗೆ ಇಳಿದಾಗ ಯಜಮಾನರು ಲೋಟದೊಳಗೆ ನೋಡುತ್ತಲೇ ಒಂದು ಮಾತನ್ನಾಡಿದರು. ಈಚೆಗೆ ಸಮಿತಿಯವರು ಮೊದಲು ಕೇಳುವುದೇ ಎಷ್ಟು ಜನ ಬರುತ್ತೀರಿ ಎಂದು. ಮೊದಲೇ ಧ್ವನಿಮುದ್ರಿಸಿದ ವಾದ್ಯಗಳ ಟ್ರ್ಯಾಕ್ ಹಾಕಿಕೊಂಡು ಮೂವರು ಗಾಯಕರಷ್ಟೇ ಬರುವ ತಂಡಗಳು ನಮ್ಮ ಅರ್ಧ ಹಣಕ್ಕೆ ಒಪ್ಪುತ್ತಿವೆ. ದಸರೆಯ ಒಂದೆರಡು ಕಾರ್ಯಕ್ರಮಗಳಿಗೆ ತಂಡವನ್ನು ಕಿರಿದು ಮಾಡಬೇಕಾಗಬಹುದು. ಯಾರ ಹೆಸರನ್ನೂ ಅವರು ಹೇಳಲಿಲ್ಲ. ಕೀಬೋರ್ಡಿನವರ ಎಡಗೈ ಮಾಡಬಲ್ಲ ಕೆಲಸ ಯಾರದು ಎಂಬುದು ಆ ಮೇಜಿನಲ್ಲಿದ್ದ ಎಲ್ಲರಿಗೂ ತಿಳಿದೇ ಇತ್ತು. ಚಿಕ್ಕಪ್ಪ ಮಾತನ್ನು ಮಳೆಯ ಕಡೆಗೆ ತಿರುಗಿಸಿದರು.

ಶಿವಮೊಗ್ಗದಲ್ಲಿ ಸಂಜೆ ದೊರೆತದ್ದು ಈ ಪ್ರವಾಸದಲ್ಲಿಯೇ ಅತ್ಯುತ್ತಮ ಧ್ವನಿವ್ಯವಸ್ಥೆ. ನೆಲದ ಮೇಲೆ ಮಂದ್ರಸ್ವರಗಳಿಗೆಂದೇ ಇರುವ 18 ಇಂಚಿನ ಸ್ಪೀಕರುಗಳಾದ ನಾಲ್ಕು ಸಬ್‌ಗಳು, ನನಗೊಂದು ಪ್ರತ್ಯೇಕ ಡಿಐ ಬಾಕ್ಸು. ಗಿಟಾರಿನ ದುರ್ಬಲ ಸಂಕೇತವು ಉದ್ದನೆಯ ವೈರಿನಲ್ಲಿ ಸೊರಗದಂತೆ, ಗೊರಗುಟ್ಟದಂತೆ ಮಿಕ್ಸರಿಗೆ ತಲುಪಿಸುವ ಈ ಅಂಗೈಯಗಲದ ಡಬ್ಬಿ ಎಷ್ಟೋ ಊರುಗಳಲ್ಲಿ ಇರುವುದೇ ಇಲ್ಲ. ಅದಕ್ಕೇ ನನ್ನದೊಂದು ಸದಾ ಬ್ಯಾಗಿನಲ್ಲಿರುತ್ತದೆ. 1981ರ ‘ಗೀತಾ’ ಚಿತ್ರದ ಹಾಡೊಂದನ್ನು ಎತ್ತಿಕೊಂಡಾಗ, ಇಳಯರಾಜ ಅವರು ಬೇಸಿಗೆ ಕೊಟ್ಟಿರುವ ಆ ಓಟವು ಸಬ್‌ಗಳಿಂದ ಹೊರಟು ನೆಲದ ಮೂಲಕ ನನ್ನ ಅಂಗಾಲಿಗೇ ಹಿಂದಿರುಗಿತು. ದಪ್ಪ ತಂತಿಗಳ ಪೈಕಿ ಇ ಸ್ವರದ ತಂತಿಯನ್ನು ಮೀಟಿದರೆ ಸೆಕೆಂಡಿಗೆ 41 ಕಂಪನಗಳು. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು, ಅಂದರೆ ನಾವು ನಿಂತಿದ್ದ 24 ಅಡಿಯ ವೇದಿಕೆಗಿಂತಲೂ ಉದ್ದ. ರಾತ್ರಿ 10ಕ್ಕೆ ಸರಿಯಾಗಿ ಪೊಲೀಸರು ವೇದಿಕೆಯ ಪಕ್ಕದಲ್ಲಿ ಬಂದು ನಿಂತರು, ನಾವು ಮಂಗಳ ಹಾಡಿದೆವು.

ಎರಡನೆಯ ದಿನ: ಸಾಗರ

ಶಿವಮೊಗ್ಗದಿಂದ ಸಾಗರಕ್ಕೆ 70 ಕಿಲೊಮೀಟರಿನ ಆಸುಪಾಸು. ಮಧ್ಯಾಹ್ನದ ಊಟಕ್ಕೆ ಮೊದಲೇ ಪೆಂಡಾಲು ತಲುಪಿದ್ದರಿಂದ ವೇದಿಕೆಯನ್ನು ನಿಧಾನವಾಗಿ ಪರಿಶೀಲಿಸಲು ಸಮಯ ಸಿಕ್ಕಿತು. ಅದು ಒಳ್ಳೆಯದೇ ಆಯಿತು.

ಗಿಟಾರ್ ಅಣ್ಣನ ಕಿಸೆಯಲ್ಲಿ ಮೀಟುವ ಪಿಕ್ ಇಲ್ಲದಿರಬಹುದು, ಆದರೆ ಟೆಸ್ಟರ್ ಇಲ್ಲದ ದಿನವನ್ನು ನಾನು ಕಂಡಿಲ್ಲ. ಯಾವ ವೇದಿಕೆಯಲ್ಲಿಯೂ ಅವರು ಮೊದಲು ಮಾಡುವ ಕೆಲಸವೆಂದರೆ ಗಿಟಾರನ್ನು ಆಂಪಿಗೆ ಸೇರಿಸಿ, ತಂತಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಟೆಸ್ಟರನ್ನು ಮೈಕಿನ ಜಾಲರಿಗೆ ತಾಗಿಸುವುದು. ಸಾಗರದಲ್ಲಿ ಟೆಸ್ಟರಿನ ದೀಪ ಹೊತ್ತಿಕೊಂಡಿತು. ಗಿಟಾರಿನ ತಂತಿಗಳು ವಾದ್ಯದ ಒಳಗಿನಿಂದ ಆಂಪಿನ ಅರ್ಥಿಗೆ, ಅಂದರೆ ಭೂಸಂಪರ್ಕದ ತಂತಿಗೆ, ಸೇರಿರುತ್ತವೆ. ಮೈಕಿನ ಲೋಹದ ಮೈ ಮಿಕ್ಸರಿನ ಅರ್ಥಿಗೆ ಸೇರಿರುತ್ತದೆ. ಎರಡೂ ಒಂದೇ ಮೂಲದಿಂದ ಬಂದಿದ್ದರೆ ತೊಂದರೆಯಿಲ್ಲ. ಅಲ್ಲಿ ಮಿಕ್ಸರು ಜನರೇಟರಿನ ಮೇಲಿತ್ತು, ವೇದಿಕೆಯ ಮೇಲಿನ ಬೋರ್ಡಿಗೆ ಮಾತ್ರ ಪಕ್ಕದ ಮನೆಯಿಂದ ವೈರು ಎಳೆದಿದ್ದರು. ಆ ವೈರಿಗೆ ಅರ್ಥಿನ ಮೂರನೆಯ ಎಳೆಯೇ ಇರಲಿಲ್ಲ. ಹಾಡುತ್ತ ನುಡಿಸುವವನ ತುಟಿ ಮೈಕಿಗೆ ತಾಗಿದ ಕ್ಷಣದಲ್ಲಿ ಎರಡರ ನಡುವಿನ ದಾರಿ ಅವನ ಮೈಯೇ ಆಗುತ್ತದೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆ ಮೈಕು ಮುಟ್ಟಿ ಪ್ರಾಣ ಬಿಟ್ಟದ್ದನ್ನು ಅಣ್ಣ ಧ್ವನಿವರ್ಧಕದ ಹುಡುಗರಿಗೆಲ್ಲ, ಪಾಠ ಒಪ್ಪಿಸುವಂತೆ, ಪ್ರತಿ ಊರಿನಲ್ಲಿಯೂ ಹೇಳುತ್ತಾರೆ.

ಸಾಗರದ ಧ್ವನಿವರ್ಧಕದ ಹುಡುಗ ಸೂಚಿಸಿದ ಪರಿಹಾರವೆಂದರೆ ಮೈಕಿಗೆ ಸ್ಪಂಜಿನ ಟೋಪಿ ಹಾಕುವುದು. ಅದನ್ನು ಹಾಕಿಕೊಳ್ಳಬಹುದು, ಆದರೆ ಅದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಗೊರಗುಟ್ಟುವ ಸದ್ದು ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸಿ ಎಸೆಯುವವರನ್ನೂ ನಾನು ನೋಡಿದ್ದೇನೆ; ಸದ್ದೇನೋ ನಿಲ್ಲುತ್ತದೆ, ಅದರೊಂದಿಗೆ ರಕ್ಷಣೆಯೂ ಹೋಗುತ್ತದೆ. ನಾವು ಪಕ್ಕದ ಮನೆಯ ವೈರನ್ನು ಕಿತ್ತು, ವೇದಿಕೆಯ ಎಲ್ಲ ಬೋರ್ಡುಗಳನ್ನೂ ಜನರೇಟರಿನ ಒಂದೇ ಸಾಲಿಗೆ ಸೇರಿಸಿ, ಪೆಂಡಾಲಿನ ಹಿಂದೆ ಕಬ್ಬಿಣದ ಸರಳನ್ನು ಒದ್ದೆ ನೆಲಕ್ಕೆ ಹೊಡೆಸಿ, ಸಮಿತಿಯವರ ಅಡುಗೆಮನೆಯಿಂದ ತಂದ ಉಪ್ಪುನೀರನ್ನು ಅದರ ಬುಡಕ್ಕೆ ಸುರಿದು ಅರ್ಥ್ ಕೊಡಿಸಿದೆವು. ಟೆಸ್ಟರು ಕತ್ತಲಾಯಿತು. ಒಂದು ಗಂಟೆ ಹೋಯಿತೆಂದು ಯಜಮಾನರು ಗೊಣಗಲಿಲ್ಲ. ಮೈಕಿಗೆ ತುಟಿ ತಾಗಿಸುವವರು ಅವರೇ ತಾನೆ.

ಅಂದಿನ ರಾತ್ರಿಯ ಅವಘಡ ಕೀಬೋರ್ಡಿನದು. ಗಾಯಕಿಯ ಶ್ರುತಿಗೆ ಹೊಂದಿಸಲು ಮೇಷ್ಟ್ರು ಟ್ರಾನ್ಸ್‌ಪೋಸ್ ಗುಂಡಿಯನ್ನು ಎರಡು ಮನೆ ಕೆಳಗೆ ಇಟ್ಟಿದ್ದರು; ಮುಂದಿನ ಹಾಡಿಗೆ ಅದನ್ನು ಹಿಂದಿರುಗಿಸಲು ಮರೆತರು. ಅವರ ಬೆರಳು ಒಂದು ಸ್ವರದ ಮೇಲೆ, ಕೇಳುವುದು ಬೇರೊಂದು ಸ್ವರ. ಗಿಟಾರಿಗಾದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕೇಪೊ ಎಂಬ ಕ್ಲಿಪ್ಪು ಇದೆ, ಮೇಷ್ಟ್ರಿಗೆ ಗುಂಡಿಯಿದೆ, ಗಾಯಕರು ಶ್ರುತಿ ಬದಲಿಸಿದಂತೆಲ್ಲ ಬೆರಳನ್ನೇ ಬದಲಿಸಬೇಕಾದವನು ಬೇಸಿನವನೊಬ್ಬನೇ. ಐದನೆಯ ತಂತಿಯಿರುವ ಬೇಸನ್ನು ನಾನು ಸಾಲ ಮಾಡಿ ಕೊಂಡದ್ದು ಈ ಕಾರಣಕ್ಕಾಗಿಯೇ. ಶ್ರುತಿ ಎಷ್ಟೇ ಕೆಳಗಿಳಿದರೂ ಕಾಲಿಡಲು ಇನ್ನೊಂದು ಮೆಟ್ಟಿಲು ಉಳಿದಿರುತ್ತದೆ. ಪಲ್ಲವಿ ಮುಗಿಯುವುದರೊಳಗೆ ನಾನು ಮೇಷ್ಟ್ರು ಇದ್ದಲ್ಲಿಗೆ ಇಳಿದೆ, ಅಣ್ಣ ನನ್ನ ಎಡಗೈ ನೋಡಿ ಹಿಂಬಾಲಿಸಿದರು, ಪಾಪ ಗಾಯಕ ಮಾತ್ರ ತಾರಸ್ಥಾಯಿಯ ಬದಲಿಗೆ ಎಲ್ಲೋ ಪಾತಾಳದಲ್ಲಿ ಹಾಡಿ ಮುಗಿಸಿದರು. ಕೊನೆಯ ಹಾಡಿಗೆ ಮಳೆ ಜೋರಾಗಿ, ವೈರು ಬಿಚ್ಚದೆಯೇ ವಾದ್ಯಗಳನ್ನು ಚೀಲಕ್ಕೆ ತುರುಕಿ ಓಡಿದೆವು. ಈ ವೈರಿನ ವಿಷಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೂರನೆಯ ದಿನ: ಜೋಗದ ದಾರಿಯಲ್ಲಿ ಕುಮಟಾಕ್ಕೆ

ತಾಳಗುಪ್ಪ ದಾಟಿ ಜೋಗದಲ್ಲಿ ಇಳಿದೆವು. ಭಾದ್ರಪದದ ನೀರು ಭೋರ್ಗರೆಯುತ್ತಿತ್ತು, ಮಂಜು ಸರಿದ ಐದು ನಿಮಿಷದಲ್ಲಿ ಎಲ್ಲರ ಫೋಟೊಗಳೂ ಆದವು. ಪ್ಯಾಡಿನ ಹುಡುಗ ಆ ಸದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ವ್ಯಾನಿನಲ್ಲಿ ಕೇಳಿಸಿ, ಇದು ಬರಿಯ ಚರಚರ ಎನ್ನುತ್ತದೆಯಲ್ಲ ಎಂದು ಬೇಸರಪಟ್ಟ. ಅಷ್ಟು ಸಣ್ಣ ಸ್ಪೀಕರಿನಿಂದ ಗಂಭೀರ ನಾದ ಹೊರಡುವುದಿಲ್ಲ ಎಂದು ನಾನು ವಿವರಿಸಿದೆ. ಸಂಗೀತದ ಸ್ವರವಾದರೆ ಅದರೊಡನೆಯೇ ಹೊರಡುವ ಮೇಲಿನ ಅನುಸ್ವರಗಳನ್ನು ಕೇಳಿಯೇ ನಮ್ಮ ಮಿದುಳು ಇಲ್ಲದ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ನನ್ನ ಐದನೆಯ ತಂತಿಯ 31 ಕಂಪನಗಳ ಸ್ವರವನ್ನು ಎಷ್ಟೋ ಪೆಂಡಾಲುಗಳಲ್ಲಿ ಜನ ಕೇಳುವುದು ಹೀಗೆಯೇ. ಜಲಪಾತಕ್ಕೆ ಅಂತಹ ಶ್ರುತಿಯಿಲ್ಲದ್ದರಿಂದ ಅದಕ್ಕೆ ಆ ಸೌಲಭ್ಯವಿಲ್ಲ. ಗೇರುಸೊಪ್ಪೆಯ ಘಾಟಿ ಇಳಿದು, ಹೊನ್ನಾವರದಲ್ಲಿ ಬಂಗಡೆ ಸಾರಿನ ಊಟ ಮುಗಿಸಿ ಕುಮಟಾ ಸೇರುವ ಹೊತ್ತಿಗೆ ಎಲ್ಲರ ಅಂಗಿಗಳೂ ಬೆನ್ನಿಗೆ ಅಂಟಿದ್ದವು.

ಕರಾವಳಿಯ ಗಾಳಿ ತಂತಿಗಳ ಶತ್ರು. ಎರಡು ರಾತ್ರಿಯ ಬೆವರು, ಮಲೆನಾಡಿನ ತೇವ, ಈಗ ಉಪ್ಪಿನ ಗಾಳಿ ಎಲ್ಲ ಸೇರಿ ನನ್ನ ತಂತಿಗಳು ಒದ್ದೆ ಹಗ್ಗ ಮೀಟಿದಂತೆ ಸದ್ದು ಮಾಡುತ್ತಿದ್ದವು. ಹೊಸ ಸೆಟ್ಟಿನ ಬೆಲೆ ನನ್ನ ಒಂದು ರಾತ್ರಿಯ ಸಂಭಾವನೆಗಿಂತ ಹೆಚ್ಚು. ಹಾಗಾಗಿ ಬಡ ಬೇಸ್ ವಾದಕರ ಹಳೆಯ ಉಪಾಯಕ್ಕೆ ಶರಣಾದೆ: ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಡುವುದು. ಸುತ್ತುಗಳ ಸಂದಿನ ಜಿಡ್ಡು ಕಳೆದು ನಾಲ್ಕಾರು ದಿನ ಹೊಳಪು ಮರಳುತ್ತದೆ. ಉತ್ಸವದ ಅಡುಗೆಯ ಭಟ್ಟರು ನನ್ನ ಬೇಡಿಕೆಯನ್ನು ಕೇಳಿ ಮೊದಲು ನಕ್ಕರು, ಆಮೇಲೆ ಬೆರಗಾದರು, ಕೊನೆಗೆ ಪ್ರಸಾದದ ಪಾತ್ರೆ ಬೇಡವೆಂದು ಷರತ್ತು ಹಾಕಿ, ಸ್ನಾನದ ನೀರು ಕಾಯಿಸುತ್ತಿದ್ದ ಒಲೆಯ ಮೇಲೆ ಒಂದು ಅಲ್ಯುಮಿನಿಯಮ್ ತಪ್ಪಲೆ ಇಡಿಸಿದರು. ನೀರು ಕಪ್ಪಾದದ್ದನ್ನು ನೋಡಲು ಸಮಿತಿಯ ಅರ್ಧ ಜನ ಸೇರಿದ್ದರು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಒಂದೇ ತೋರುಬೆರಳಿನಲ್ಲಿ ಮೀಟುತ್ತ, ತಂತಿ ತುಂಡಾಗುವ ತನಕ ಬದಲಿಸುತ್ತಲೇ ಇರಲಿಲ್ಲವಂತೆ. ಅವರದು ನಯವಾದ ಚಪ್ಪಟೆ ಸುತ್ತಿನ ತಂತಿ, ಮಂಕಾದಷ್ಟೂ ಅವರಿಗೆ ಇಷ್ಟ. ನನ್ನ ಗುಂಡುಸುತ್ತಿನ ತಂತಿಗೆ ಆ ಯೋಗವಿಲ್ಲ.

ತಂತಿಗಳು ಮಿಂಚಿದವು. ನಾನು ನೋಡದೇ ಹೋದದ್ದು ಬ್ಯಾಟರಿಯನ್ನು. ನನ್ನದರಂಥ ಆಕ್ಟಿವ್ ಬೇಸಿನ ಹೊಟ್ಟೆಯೊಳಗೆ ಸಂಕೇತವನ್ನು ಬಲಪಡಿಸುವ ಪ್ರಿಆಂಪು 9 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ, ಮತ್ತು ವೈರಿನ ಜಾಕು ವಾದ್ಯದಲ್ಲಿ ಸಿಕ್ಕಿಕೊಂಡಿರುವಷ್ಟು ಹೊತ್ತೂ ಅದನ್ನು ಹೀರುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹಳೆಯದಾಗಿದ್ದ ಬ್ಯಾಟರಿ. ಅದರ ಮೇಲೆ ಸಾಗರದಿಂದ ಕುಮಟಾದವರೆಗೆ ಚೀಲದೊಳಗೆ ಜಾಕು ಸಿಕ್ಕಿಕೊಂಡೇ ಇತ್ತು. ರಾತ್ರಿ, ನಾಲ್ಕು ಹಾಡುಗಳನ್ನು ಕಟ್ಟಿದ ಮೆಡ್ಲೆಯ ಎರಡನೆಯ ಹಾಡಿನಲ್ಲಿ, ನನ್ನ ಸ್ವರ ಹರಿದ ಬಟ್ಟೆಯಂತೆ ಒಡೆಯಿತು. ಮೂರನೆಯದಕ್ಕೆ ಪೂರ್ತಿ ಮಾಯವಾಯಿತು. ನಡುವೆ ನಿಲ್ಲಿಸುವಂತಿಲ್ಲ. ಮೂರು, ನಾಲ್ಕನೆಯ ಹಾಡುಗಳೆರಡನ್ನೂ ನಾನು ಮುಖದಲ್ಲಿ ನಗು ಇಟ್ಟುಕೊಂಡು ಸದ್ದಿಲ್ಲದೆಯೇ ನುಡಿಸಿದೆ.

ಸಭೆಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಮುಂದಿನ ಸಾಲಿನ ಮಕ್ಕಳು ಮೊದಲಿನಂತೆಯೇ ಕುಣಿಯುತ್ತಿದ್ದರು. ಯಜಮಾನರು ನಗುನಗುತ್ತ ಹಾಡುತ್ತಿದ್ದರು, ಮೇಷ್ಟ್ರು ತಮ್ಮ ಲೋಕದಲ್ಲಿದ್ದರು. ಪ್ಯಾಡಿನ ಹುಡುಗ ಮಾತ್ರ ತಲೆಯೆತ್ತಿ ನನ್ನನ್ನು ಹುಡುಕಿದ. ಅವನ ಕಿಕ್‌ನ, ಅಂದರೆ ದೊಡ್ಡ ಡ್ರಮ್ಮಿನ, ಏಟುಗಳು ಒಂದಿಷ್ಟು ಮುಂದೋಡಿ, ಮತ್ತೆ ಹಿಂಜರಿದು, ಚಿಕ್ಕಪ್ಪನ ಢೋಲಕ್ಕಿನ ಜೊತೆ ಒಂದೆರಡು ಕಡೆ ಡಿಕ್ಕಿ ಹೊಡೆದವು. ಮೆಡ್ಲೆ ಮುಗಿದು ನಿರೂಪಕಿ ಮಾತಿಗೆ ನಿಂತಾಗ ಗಿಟಾರ್ ಅಣ್ಣ ತಮ್ಮ ಕಾಲಬುಡದಲ್ಲಿದ್ದ, ಗಿಟಾರಿನ ಸ್ವರವನ್ನು ಒರಟಾಗಿಸುವ ತಗಡಿನ ಡಬ್ಬಿಯನ್ನು ಬಿಚ್ಚಿ, ಅದರ ಬ್ಯಾಟರಿಯನ್ನು ಕಿತ್ತು ನನ್ನ ಕೈಗಿತ್ತರು. “ಈ ಸೆಕೆಗೆ ನನ್ನದು ಹೇಗೂ ಬಾಯಿ ಬಿಡುತ್ತಿಲ್ಲ, ನೀನಾದರೂ ನುಡಿಸು” ಎಂದರು.

ಕಾರ್ಯಕ್ರಮ ಮುಗಿದ ಮೇಲೆ ಹೆಗಲಿಗೆ ಶಾಲು ಹೊದ್ದ ಹಿರಿಯರೊಬ್ಬರು ವೇದಿಕೆಯ ಬಳಿ ಬಂದರು. ಮಳೆ ನಿಂತ ಮೇಲೆ ಆರು ತಿಂಗಳು ಆಟ ನೋಡುವವರು, ಚಂಡೆ–ಮದ್ದಳೆಗಳ ಶ್ರುತಿ ಬಲ್ಲವರು ಎಂದು ಮಾತಿನಲ್ಲಿಯೇ ತಿಳಿಯಿತು. ನನ್ನ ವಾದ್ಯವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ತಮಾ, ಇದೆಂಥಾ ಗಿಟಾರು ನಿಂದು? ಕಾಣ್ತದೆ, ಕೇಳೂದಿಲ್ಲ” ಎಂದರು. ಸತ್ತ ಬ್ಯಾಟರಿಯ ಕಥೆಯನ್ನು ಅವರಿಗೆ ಹೇಳಬೇಕೆನ್ನಿಸಿತು. ಆದರೆ ಅವರು ಇಡೀ ಮೂರು ಗಂಟೆಯ ಬಗ್ಗೆ ಮಾತನಾಡುತ್ತಿದ್ದರೇ ಹೊರತು ಆ ಎರಡು ಹಾಡುಗಳ ಬಗ್ಗೆ ಅಲ್ಲವೆಂದು ಅನುಮಾನ ಬಂದು ಸುಮ್ಮನಾದೆ.

ನಾಲ್ಕನೆಯ ದಿನ: ಶಿರಸಿ

ದೇವಿಮನೆ ಘಾಟಿ ಹತ್ತುವಾಗಲೇ ಮಳೆ ಹಿಡಿದಿತ್ತು. ಮೂರು ಗಂಟೆಗೆ ಶಿರಸಿಯ ಸಮಿತಿಯವರು ಲಾಡ್ಜಿಗೆ ಬಂದು, ಪೆಂಡಾಲಿನೊಳಗೆ ಮೊಣಕಾಲುದ್ದ ನೀರು, ಕಾರ್ಯಕ್ರಮ ರದ್ದು ಎಂದು ಕೈಮುಗಿದರು. ಮುಂಗಡದಷ್ಟೇ ನಮ್ಮ ಪಾಲಿಗೆ. ಯಜಮಾನರು ಆ ಹಣದಲ್ಲಿ ವ್ಯಾನಿನ ಬಾಡಿಗೆ, ರೂಮಿನ ಬಾಡಿಗೆ ಕಳೆದು ಉಳಿದದ್ದನ್ನು ಹಂಚಿದರು; ನನ್ನ ಕೈಗೆ ಬಂದದ್ದು 600 ರೂಪಾಯಿ.

ಹೀಗೆ ದಕ್ಕಿದ ಸಂಜೆಯಲ್ಲಿ ಕಷಾಯ, ತೊಡದೇವು ಮುಂದಿಟ್ಟುಕೊಂಡು ಅಣ್ಣನ ತಗಡಿನ ಡಬ್ಬಿಯ ಚರಿತ್ರೆಯನ್ನು ಕೇಳಿದೆ. ಅವರು ಕಲಿತದ್ದು ಕೋಲ್ಕತ್ತದಲ್ಲಿ ತಯಾರಾದ ಗಿವ್ಸನ್ ಗಿಟಾರಿನಲ್ಲಿ. ತಂತಿಗಳು ಕತ್ತಿನ ಮೇಲಿನ ಲೋಹದ ಫ್ರೆಟ್ಟುಗಳಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ಅದರಲ್ಲಿ ಪಳಗಿದ ಬೆರಳಿಗೆ ಆಮೇಲೆ ಯಾವ ಗಿಟಾರೂ ಕಷ್ಟವೆನಿಸಲಿಲ್ಲವಂತೆ. ಕಾಲಿನಿಂದ ಒತ್ತಿ ಗಿಟಾರಿನ ಸ್ವರ ಬದಲಿಸುವ ವಿದೇಶಿ ಪೆಡಲ್ಲುಗಳು ಕೈಗೆಟುಕದ ಆ ಕಾಲದಲ್ಲಿ, 1966ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫಜ್ ಫೇಸ್ ಎಂಬ ಪೆಡಲ್ಲಿನ ನಕ್ಷೆ ಅವರಿಗೆ ಯಾರಿಂದಲೋ ಸಿಕ್ಕಿತು. ಎರಡು ಜರ್ಮೇನಿಯಮ್ ಟ್ರಾನ್ಸಿಸ್ಟರು, ಬೆರಳೆಣಿಕೆಯ ರೆಸಿಸ್ಟರು, ಕೆಪಾಸಿಟರು, ಅಷ್ಟೇ ಸರ್ಕ್ಯೂಟು. ಅದಕ್ಕೆ ಬೇಕಾದ ಎಸಿ128 ಟ್ರಾನ್ಸಿಸ್ಟರನ್ನು ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯೇ ರೇಡಿಯೊಗಳಿಗಾಗಿ ತಯಾರಿಸುತ್ತಿದ್ದುದರಿಂದ, ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ದಾಸ್ತಾನು ಸಿಗುತ್ತಿತ್ತು. ಹತ್ತಾರು ಕೊಂಡು ತಂದು, ಒಂದೊಂದನ್ನೇ ಸಿಕ್ಕಿಸಿ ಕೇಳಿ, ಹೊಂದುವ ಜೋಡಿಯನ್ನು ಆರಿಸಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂರಿಸಿ ಬೆಸುಗೆ ಹಾಕಿದರು.

ಜರ್ಮೇನಿಯಮ್ಮಿನ ಗುಣವೆಂದರೆ ಅದು ಹವೆಗೆ ತಕ್ಕಂತೆ ಬದಲಾಗುತ್ತದೆ. ಸೆಕೆ ಏರಿದಂತೆ ಟ್ರಾನ್ಸಿಸ್ಟರಿನೊಳಗಿನ ಸೋರಿಕೆ ಹೆಚ್ಚಿ ಸ್ವರ ಉಸಿರುಗಟ್ಟುತ್ತದೆ. ಅದಕ್ಕೇ ಕುಮಟಾದಲ್ಲಿ ಡಬ್ಬಿ ಮೂಕವಾದದ್ದು. ಶಿರಸಿಯ ಆ ತಂಪಿನಲ್ಲಿ ಅದನ್ನು ಮಂಚದ ಮೇಲಿನ ಪುಟ್ಟ ಆಂಪಿಗೆ ಸೇರಿಸಿದಾಗ ಶಹನಾಯಿಗೂ ದುಂಬಿಗೂ ನಡುವಿನ ಒಂದು ಸ್ವರ ಹೊರಟಿತು. ಪಕ್ಕದ ಕೋಣೆಯವರು ಗೋಡೆ ಬಡಿದರು. ಬ್ಯಾಟರಿ ಮಾತ್ರ ನನ್ನ ಬೇಸಿನದು, ಅಂದರೆ ಅವರದೇ. ವ್ಯಾನು ಬಿಡುವ ಮೊದಲು ಒಂದು ಜೊತೆ ಹೊಸ ಬ್ಯಾಟರಿ ತಂದುಕೊಟ್ಟೆ.

ಪ್ಯಾಡಿನ ಹುಡುಗ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ. ಹೊರಡುವಾಗ, ಯಾರಿಗೂ ಅಲ್ಲವೆಂಬಂತೆ, “ನಿನ್ನೆ ನೀವು ನಿಂತು ಹೋದಾಗ ನನಗೆ ಒಂದನೆಯ ಏಟು ಎಲ್ಲಿ ಬೀಳುತ್ತದೆಂದೇ ತಿಳಿಯಲಿಲ್ಲ ಅಣ್ಣ” ಎಂದ.

ಐದನೆಯ ದಿನ: ಹುಬ್ಬಳ್ಳಿ, ಮತ್ತು ಹಿಂದಿರುಗುವ ದಾರಿ

ಹುಬ್ಬಳ್ಳಿಯ ಜನ ಹಾಡನ್ನು ಕುಳಿತು ಕೇಳುವುದಿಲ್ಲ. ಗಿರ್ಮಿಟ್ ಪೊಟ್ಟಣ ಕೈಯಲ್ಲಿ ಹಿಡಿದೇ ಕುಣಿಯುತ್ತಾರೆ, ಮೂರನೆಯ ಹಾಡಿಗೇ ಮತ್ತೊಮ್ಮೆ ಎನ್ನುತ್ತಾರೆ. ರಾಜಕುಮಾರರ ಎರಡು ಹಾಡುಗಳಾದ ಮೇಲೆ ಅಪ್ಪು ನೆನಪಿನ ಹಾಡು ಬಂದಿತು. 2021ರಿಂದೀಚೆಗೆ ಅದಿಲ್ಲದೆ ನಮ್ಮ ಯಾವ ಕಾರ್ಯಕ್ರಮವೂ ಮುಗಿದದ್ದಿಲ್ಲ. ಮೈದಾನದ ತುಂಬ ಮೊಬೈಲ್ ದೀಪಗಳು ಹೊತ್ತಿಕೊಂಡವು. ಹಬ್ಬಕ್ಕೆಂದು ಧ್ವನಿವರ್ಧಕದ ನಿಯಮ ಸಡಿಲಿಸಿದ್ದರಿಂದ ಹನ್ನೆರಡಕ್ಕೆ ಸ್ವಲ್ಪ ಮೊದಲು ಇಳಿದೆವು. ನಾಲ್ಕೂವರೆ ಕಿಲೊ ತೂಗುವ ಬೇಸು ಎಡ ಹೆಗಲಿನಲ್ಲಿ ತನ್ನ ಪಟ್ಟಿಯ ಗುರುತು ಬಿಟ್ಟಿತ್ತು. ಜಾಕನ್ನು ಕಿತ್ತಿದ್ದೇನೆಯೇ ಎಂದು ಎರಡು ಸಲ ನೋಡಿ ಚೀಲಕ್ಕೆ ಹಾಕಿದೆ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೊಮೀಟರಿಗೂ ಹೆಚ್ಚು. ಹಾವೇರಿಯ ತನಕ ಎಲ್ಲರೂ ನಿದ್ದೆಯಲ್ಲಿದ್ದರು. ದಾವಣಗೆರೆಯ ಬಳಿ ಮೇಷ್ಟ್ರು ಹಿಂದಿನ ಸೀಟಿಗೆ ಬಂದು, ಬೇಸನ್ನು ನಿಧಾನವಾಗಿ ಸರಿಸಿ, ನನ್ನ ಪಕ್ಕದಲ್ಲಿ ಕುಳಿತರು. ದಸರೆಯ ಒಂದು ಕಾರ್ಯಕ್ರಮಕ್ಕೆ ಆರೇ ಜನರ ಹಣ ಒಪ್ಪಿದ್ದಾರಂತೆ. “ನಾನಾಗಿ ಕೇಳಿದ್ದಲ್ಲ ಕಣಪ್ಪ, ಯಜಮಾನರು ಹೇಳಿದರು” ಎಂದು ಎರಡು ಸಲ ಹೇಳಿ, ‘ಗೀತಾ’ ಹಾಡಿನ ಬೇಸನ್ನು ಎಡಗೈಗೆ ಕೂರಿಸಿಕೊಡಲು ಸಾಧ್ಯವೇ ಎಂದು ಕೇಳಿದರು. ಸಿಟ್ಟು ಬರಬೇಕಿತ್ತು. ಅವರ ಮಗಳ ಕಾಲೇಜಿನ ಶುಲ್ಕದ ಗಡುವು ನನಗೂ ಗೊತ್ತಿತ್ತು. ಆರು ಜನರಲ್ಲಿ ತಾವೂ ಉಳಿಯಬೇಕಾದರೆ ಅವರು ಇದನ್ನು ಕಲಿಯಲೇಬೇಕಾಗಿತ್ತು.

ಸಣ್ಣ ಕೀಬೋರ್ಡನ್ನು ಇಬ್ಬರ ತೊಡೆಗಳ ಮೇಲೆ ಇಟ್ಟುಕೊಂಡೆವು. ವಿದ್ಯುತ್ತಿಲ್ಲ, ಸದ್ದಿಲ್ಲ, ಕೀಲಿಗಳ ಟಕಟಕ ಮಾತ್ರ. ನಾನು ಸ್ವರಗಳನ್ನು ಮೆಲ್ಲನೆ ಹಾಡಿದಂತೆ ಅವರು ಎಡಗೈ ಆಡಿಸಿದರು. ಚಿತ್ರದುರ್ಗದ ಗಾಳಿಯಂತ್ರಗಳು ಬೆಳಗಿನ ಬೆಳಕಿನಲ್ಲಿ ಕಾಣತೊಡಗುವ ಹೊತ್ತಿಗೆ ಪಲ್ಲವಿ ಹಿಡಿತಕ್ಕೆ ಬಂದಿತ್ತು. ಒಂದು ಕಡೆ ಮಾತ್ರ ಅವರು ಪ್ರತಿ ಸಲವೂ ಎಡವುತ್ತಿದ್ದರು: ಸಾಲು ಮುಗಿದ ಮೇಲೆ ಅರ್ಧ ಮಾತ್ರೆ ತಡೆದು ಮುಂದಿನದಕ್ಕೆ ಹೋಗಬೇಕು, ಅವರ ಬೆರಳು ಆ ಜಾಗವನ್ನು ತುಂಬಿಬಿಡುತ್ತಿತ್ತು. “ಇಲ್ಲಿ ಏನೂ ನುಡಿಸಬಾರದು ಮೇಷ್ಟ್ರೇ, ಬಿಟ್ಟುಬಿಡಿ” ಎಂದೆ. ಅವರು ತಲೆಯಾಡಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು, ಅಲ್ಲಿಗೆ ಬಂದು ಮತ್ತೆ ಒತ್ತಿದರು. ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಾನೆಂದು ನಾನು ತಿಳಿದಿದ್ದ ಪ್ಯಾಡಿನ ಹುಡುಗ, ಕಣ್ಣು ತೆರೆಯದೆಯೇ, ತನ್ನ ಮೊಣಕಾಲಿನ ಮೇಲೆ ಆ ಅರ್ಧ ಮಾತ್ರೆಯನ್ನು ಬಿಟ್ಟು ಮುಂದಿನ ಏಟನ್ನು ಹಾಕಿದ.